ಕೆರೆಗಳ ಕಡತ ಗ್ರಂಥಾಲಯಕ್ಕೆ ಬರುವ ದಾರಿ

ದಕ್ಷಿಣ ಬೆಂಗಳೂರಿನ ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು ಕೆರೆಗಳ ಶುದ್ಧೀಕರಣದ ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ಆದರೆ ಆ ಕೆಲಸದ ಕಡತಗಳು, ಅಂದರೆ ಸರ್ವೆ ನಕ್ಷೆ, ನೀರಿನ ಪರೀಕ್ಷಾ ವರದಿ, ಹೂಳೆತ್ತಿದ ಲೆಕ್ಕ, ಕಾಮಗಾರಿಯ ಅಂದಾಜುಪಟ್ಟಿ, ಜನರ ಕೈಗೆ ಸುಲಭವಾಗಿ ಸಿಕ್ಕಿದ್ದು ಕಡಿಮೆ.

1974ರ ಜಲ ಕಾಯ್ದೆಯ 25ನೇ ಕಲಮಿನ ಪ್ರಕಾರ, ತ್ಯಾಜ್ಯ ನೀರು ಹೊರಬಿಡಲು ವಿಧಿಸಿದ ಷರತ್ತುಗಳ ವಹಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಇಡಬೇಕು ಮತ್ತು ಬಾಧಿತರಾದವರು ಅದನ್ನು ನೋಡಬಹುದು. ಆದರೆ ನೋಡಬೇಕಾದವರು ಕಚೇರಿಗೇ ಹೋಗಬೇಕಿತ್ತು. 1986ರಲ್ಲಿ ಲಕ್ಷ್ಮಣ ರಾವ್ ಸಮಿತಿಯು ನಗರದ ಕೆರೆಗಳನ್ನು ಒಡೆಯದೆ, ಕೊಳಚೆ ಸೇರಿಸದೆ ಉಳಿಸಬೇಕೆಂದು ವರದಿ ಕೊಟ್ಟಿತು. ಮುಂದೆ 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿ, 2014ರ ಕಾಯ್ದೆಯಿಂದ ಅದರ ಜಾಗಕ್ಕೆ ಶಾಸನಬದ್ಧ ಪ್ರಾಧಿಕಾರ ಬಂದು, 2018ರಲ್ಲಿ ಅದೂ ಬೇರೊಂದರಲ್ಲಿ ವಿಲೀನವಾಯಿತು; 2025ರಲ್ಲಿ ಮಹಾನಗರ ಪಾಲಿಕೆಯೇ ಐದಾಯಿತು. ಹೊಣೆ ಕೈ ಬದಲಾಯಿಸಿದಂತೆಲ್ಲ ಕಡತವೂ ಅಲೆಯಬೇಕಾಗುತ್ತದೆ, ಹೀಗೆ ಅಲೆಯುವ ಕಡತಕ್ಕೆ ಸಾರ್ವಜನಿಕ ಪ್ರತಿಯೊಂದು ಇರಲೇಬೇಕು.

ಅದರ ಬೆಲೆ ತಿಳಿಯಲು ಜೆ.ಪಿ.ನಗರದ ಸಾರಕ್ಕಿ ಕೆರೆಯೊಂದೇ ಸಾಕು. 82 ಎಕರೆಗೂ ಮಿಕ್ಕಿದ ಆ ಕೆರೆಯ ಅಂಗಳದಲ್ಲಿ ಎದ್ದಿದ್ದ ಕಟ್ಟಡಗಳನ್ನು ಜಿಲ್ಲಾಡಳಿತವು 2015ರ ಏಪ್ರಿಲ್‌ನಲ್ಲಿ ತೆರವುಗೊಳಿಸಿದಾಗ, ಗಡಿ ಎಲ್ಲಿತ್ತೆಂಬುದನ್ನು ನಿರ್ಧರಿಸಿದ್ದು ಸರ್ವೆ ದಾಖಲೆ. ಅದೇ ದಾಖಲೆ ನಿವೇಶನ ಕೊಳ್ಳುವ ಮೊದಲೇ ಎಲ್ಲರಿಗೂ ಕಾಣುವಂತಿದ್ದರೆ ಎಷ್ಟೋ ಕುಟುಂಬಗಳ ಉಳಿತಾಯ ಮಣ್ಣುಪಾಲಾಗುತ್ತಿರಲಿಲ್ಲ.

ಅಮೆರಿಕದಲ್ಲಿ 1980ರ ಸೂಪರ್‌ಫಂಡ್ ಕಾನೂನಿನಡಿ, ಅಂದರೆ ವಿಷತ್ಯಾಜ್ಯ ಬಿದ್ದ ನೆಲವನ್ನು ಶುದ್ಧಿ ಮಾಡಿಸುವ ಕಾನೂನಿನಡಿ, ನಿರ್ಧಾರಕ್ಕೆ ಆಧಾರವಾದ ಕಾಗದಗಳನ್ನು ಆ ಸ್ಥಳದ ಬಳಿಯಲ್ಲಿ, ಹೆಚ್ಚಾಗಿ ಊರಿನ ಗ್ರಂಥಾಲಯದಲ್ಲಿ, ಇಡುವ ಪದ್ಧತಿ ಬೆಳೆಯಿತು. 2013ರಲ್ಲಿ ಅವುಗಳನ್ನು ಅಂತರ್ಜಾಲದ ಮೂಲಕವೂ ಒದಗಿಸಲು ನಿಯಮ ತಿದ್ದಲಾಯಿತು. ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಕಡತಗಳನ್ನು ಗಣಕೀಕರಿಸಿ, ಯಾರೂ ಕೇಳುವ ಮೊದಲೇ ಪ್ರಕಟಿಸಲು ಹೇಳಿತು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೂ ಯೋಜನೆಯ ಕರಡು ವರದಿಯ ಸಾರಾಂಶವನ್ನಿಡಬಹುದಾದ ಸ್ಥಳಗಳಲ್ಲಿ ಸಾರ್ವಜನಿಕ ಗ್ರಂಥಾಲಯವನ್ನು ಹೆಸರಿಸಿಯೇ ಹೇಳಿದೆ. ಅದು ಕಟ್ಟುವ ಮುಂಚಿನ ಕಾಗದ. ಕೆಟ್ಟದ್ದನ್ನು ಸರಿಪಡಿಸಿದ ನಂತರದ ಕಾಗದಕ್ಕೆ ಅಂಥ ಸ್ಥಾನ ಇನ್ನೂ ದೊರೆತಿಲ್ಲ ಎಂಬುದೇ ದೊಡ್ಡ ಕೊರತೆ.

ಸಾಧನಗಳು ಇಲ್ಲವೆಂದಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯು ಕೆರೆ ನೀರಿನ ಗುಣಮಟ್ಟವನ್ನು ಎ ಯಿಂದ ಇ ವರೆಗಿನ ದರ್ಜೆಗಳಲ್ಲಿ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಕೆರೆ ವರದಿಗಳು ಉಚಿತವಾಗಿ ಲಭ್ಯ. 1965ರ ಕಾಯ್ದೆಯಡಿ ಬೆಳೆದ ಗ್ರಂಥಾಲಯ ಇಲಾಖೆಯು 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನೂ ತೆರೆದಿದೆ. ಇವು ಒಂದೆಡೆ ಕೂಡಿ, ಕನ್ನಡದ ವಿವರಣೆಯೊಂದಿಗೆ ಕೆರೆವಾರು ಸಿಗಬೇಕು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಉಪಕರವನ್ನು ಕಟ್ಟುತ್ತಿರುವ ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ನಾಗರಿಕರು ತಮ್ಮ ಸಮೀಪದ ಶಾಖೆಯಲ್ಲಿ ತಮ್ಮ ಕೆರೆಯ ಕಡತವನ್ನು ಕೇಳಲಿ.