ಸೆಲ್ಫ್ ಮೂರು ಸಲ ಬಿಚ್ಚಿದ್ವಿ, ತಪ್ಪು ಅದರದ್ದಲ್ಲ

ಶಿರಹಟ್ಟಿಯ ಕೇಳುಗರೊಬ್ಬರು ಹೋದ ವಾರ ವಾಯ್ಸ್ ನೋಟ್ ಕಳಿಸಿದ್ದರು: "ಹಳೇ ಗಾಡಿಗೆ ಡೀಸೆಲ್ ಎಂಜಿನ್ ಕೂಡ್ರಿಸೀನ್ರೀ. ಮುಂಜಾನೆ ಸೆಲ್ಫ್ ಹೊಡದ್ರ ಎಂಜಿನ್ ಮೆಲ್ಲಕ ತಿರಗತೈತಿ. ಬ್ಯಾಟರಿ ಬದಲಿ ಮಾಡ್ಲೋ, ಸೆಲ್ಫ್ ಬದಲಿ ಮಾಡ್ಲೋ?"

ನನ್ನ ಉತ್ತರ: ಸದ್ಯಕ್ಕ ಎರಡೂ ಬ್ಯಾಡ, ಮೊದಲು ಅಳೀರಿ. ಅಳೆಯದೇ ಹೋಗಿದ್ದಕ್ಕೆ ನಾವು ನಮ್ಮ ಕಾಕಾ ಅವರ ಅಂಬಾಸಿಡರ್ ಗುಜರಿಗೆ ಹಾಕೋ ಹಂತಕ್ಕೆ ಬಂದಿದ್ವಿ.

ಕಾಕಾ ಇರೋದು ಲಕ್ಷ್ಮೇಶ್ವರದಲ್ಲಿ. ಗಾಡಿ ಮೂಲತಃ ಪೆಟ್ರೋಲ್. ಖರ್ಚು ಕಡಿಮೆ ಆಗಲಿ ಅಂತ ಒಂದು ಕಾಲಕ್ಕೆ ಬಹಳ ಮಂದಿ ಮಾಡಿದ ಹಾಗೆ ಅವರೂ 1489 ಸಿಸಿ ಡೀಸೆಲ್ ಎಂಜಿನ್ ಹಾಕಿಸಿ, ಆರ್.ಸಿ.ಯಲ್ಲೂ ಬರೆಸಿದ್ದರು. ಎಂಜಿನ್ ಬದಲಾಯ್ತು, ಸೆಲ್ಫ್ ಬದಲಾಯ್ತು. ಕೇಬಲ್ ಮಾತ್ರ ಪೆಟ್ರೋಲ್ ಕಾಲದ್ದೇ ಉಳೀತು.

ಅದರಿಂದ ಏನಾಗುತ್ತೆ? ಆ ಕಾಲದ ಪೆಟ್ರೋಲ್ ಎಂಜಿನ್ ಗಾಳಿಯನ್ನು 7–8 ಪಟ್ಟು ಒತ್ತಿದರೆ, ಡೀಸೆಲ್ 20 ಪಟ್ಟಿಗೂ ಮೇಲೆ ಒತ್ತುತ್ತೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಹತ್ತಿಕೊಳ್ಳಬೇಕು. ಮೆಲ್ಲಗೆ ತಿರುಗಿದರೆ ಗಾಳಿ ಬೇಕಾದಷ್ಟು ಕಾಯೋದಿಲ್ಲ, ಎಂಜಿನ್ ಹತ್ತೋದಿಲ್ಲ. ಅದಕ್ಕೇ ಸೆಲ್ಫ್ ಹೆಚ್ಚು ಕರೆಂಟ್ ಎಳೆಯುತ್ತೆ. ಕೆಲವೊಮ್ಮೆ 200 ಆಂಪಿಯರ್‌ಗೂ ಮೇಲೆ.

ಮುಂಡರಗಿಯಲ್ಲಿ ಮದುವೆ ಮುಗಿಸಿ ರಾತ್ರಿ ಬರುವಾಗ ಚಾದಂಗಡಿ ಮುಂದೆ ಗಾಡಿ ನಿಂತೇ ಬಿಡ್ತು. ಒಳಗೆ ನಮ್ಮ ಅಜ್ಜಿ, ಹೊರಗೆ ದಬ್ಬೋರು ನಾವು ನಾಲ್ಕು ಮಂದಿ. ಅಷ್ಟರೊಳಗೆ ಗದಗದ ಗ್ಯಾರೇಜಿನಲ್ಲಿ ಮೂರು ಸಲ ಸೆಲ್ಫ್ ಬಿಚ್ಚಿಸಿದ್ವಿ. ಕಾರ್ಬನ್ ಬ್ರಷ್ ಹೊಸದು, ಬುಷ್ ಹೊಸದು. ಮೇಸ್ತ್ರಿ ಮೋಸ ಮಾಡಲಿಲ್ಲ. ಮೇಜಿನ ಮೇಲಿಟ್ಟು, ದಪ್ಪ ಕೇಬಲ್ ಹಚ್ಚಿ ತಿರುಗಿಸಿ ತೋರಿಸೋರು, ಗಿರ್ರ್ ಅಂತಿತ್ತು. ಗಾಡಿಗೆ ಹಾಕಿದರೆ ನಾಲ್ಕು ದಿನ ಸರಿ, ಮತ್ತೆ ಅದೇ ಹಾಡು. "ಸಾಕಪಾ, ಇದರ ಋಣ ಮುಗೀತು" ಅಂತ ಕಾಕಾ ಗುಜರಿಯವನ ಹತ್ತಿರ ಮುಂಗಡ ತಗೊಂಡೇ ಬಿಟ್ಟರು.

ನಾನು ಬಿ.ಕಾಂ. ಓದಿದವ, ಮೆಕ್ಯಾನಿಕ್ ಅಲ್ಲ. ಆದರೆ ದುಡ್ಡು ಎಲ್ಲಿ ಸೋರ್ತದ ಅಂತ ಹುಡುಕೋದು ಗೊತ್ತು. ಒಂದು ಮಲ್ಟಿಮೀಟರ್ ತಂದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಚಾಲೂ ಆಗದಂತೆ ಸ್ಟಾಪ್ ಕೇಬಲ್ ಎಳೆದಿಟ್ಟೆ. ತಮ್ಮ ಸೆಲ್ಫ್ ಹೊಡೆದ, ನಾನು ಓದಿದೆ. ಒಂದು ಸಲಕ್ಕೆ 10 ಸೆಕೆಂಡ್ ಮೀರಬ್ಯಾಡ್ರಿ, ನಡುವೆ ಆರಲು ಬಿಡ್ರಿ.

ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ನಮ್ಮದು 10.8, ಅಂದರೆ ಬ್ಯಾಟರಿ ಗಟ್ಟಿ.

ಎರಡನೇದು ಪ್ಲಸ್ ದಾರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಸೆಲ್ಫಿನ ದಪ್ಪ ಬೋಲ್ಟಿಗೆ. 0.5 ಒಳಗಿರಬೇಕು. ನಮ್ಮದು 0.3.

ಮೂರನೇದು ಅರ್ಥ್ ದಾರಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಸೆಲ್ಫಿನ ಮೈಗೆ. ಇದೂ 0.5 ದಾಟಬಾರದು. ನಮ್ಮದು 1.6!

ಲೆಕ್ಕ ತಾಳೆ ನೋಡ್ರಿ. ಬ್ಯಾಟರಿ ಕೊಟ್ಟಿದ್ದು 10.8, ದಾರಿ ಖರ್ಚು 1.9, ಸೆಲ್ಫಿಗೆ ಮುಟ್ಟಿದ್ದು 8.9. ಎಂಜಿನ್ನಿನ ಅರ್ಥ್ ಪಟ್ಟಿಯ ಬೋಲ್ಟ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಹಿಂದೊಮ್ಮೆ ಗಾಡಿಗೆ ಬಣ್ಣ ಹೊಡೆಸಿದಾಗ ಪಟ್ಟಿಯನ್ನು ಬಣ್ಣದ ಮೇಲೇ ಬಿಗಿದಿದ್ದರು. ಎಂಜಿನ್ ಕೂತಿರೋದು ರಬ್ಬರ್ ಮೇಲೆ, ಕರೆಂಟ್‌ಗೆ ವಾಪಸ್ ಹೋಗಲು ಬೇರೆ ಒಳ್ಳೆ ದಾರಿಯೇ ಇಲ್ಲ.

ಬಣ್ಣ ಕೆರೆದು ಬರೀ ಕಬ್ಬಿಣ ತೋರಿಸಿದ್ವಿ. ಬ್ಯಾಟರಿಯ ಮೈನಸ್‌ನಿಂದ ನೇರ ಎಂಜಿನ್ನಿಗೆ ದಪ್ಪ ಕೇಬಲ್ ಎಳೆದ್ವಿ. ಮತ್ತೆ ಅಳೆದರೆ 0.2. ಖರ್ಚು ಒಂದು ಕೇಬಲ್, ಎರಡು ಬೋಲ್ಟ್, ಒಂದು ಮಧ್ಯಾಹ್ನ.

ಶಿರಹಟ್ಟಿಯ ಅಣ್ಣಾರ, ನಿಮ್ಮ ಗಾಡಿಯಲ್ಲಿ ಮೂರೂ ಅಳತೆ ಸರಿ ಬಂದು, ಆದರೂ ಮೆಲ್ಲಗೆ ತಿರುಗಿದರೆ, ಆಗ ಸೆಲ್ಫ್ ಬಿಚ್ಚಿಸ್ರಿ. ಎಂಜಿನ್ ಬಿಗಿಯಾಗಿದೆಯಾ ಅಂತಲೂ ನೋಡಿಸ್ರಿ. ಬ್ಯಾಟರಿಯೇ 9.6ಕ್ಕಿಂತ ಕೆಳಗೆ ಬಿದ್ದರೆ ಅದನ್ನು ಚಾರ್ಜ್ ಮಾಡಿ ಮತ್ತೆ ಅಳೀರಿ. ಚಾರ್ಜ್ ಆದ ಮೇಲೂ ಬಿದ್ದರೆ ಬೇರೆ ಗಟ್ಟಿ ಬ್ಯಾಟರಿ ಹಚ್ಚಿ ನೋಡ್ರಿ, ಆಮೇಲೆ ರೊಕ್ಕ ಬಿಚ್ಚರಿ.

ಕಾಕಾ ಗುಜರಿಯವನಿಗೆ ಮುಂಗಡ ವಾಪಸ್ ಕೊಟ್ಟು ಬಂದರು. ಮೊನ್ನೆ ಅಜ್ಜಿಯನ್ನು ಕೂಡ್ರಿಸಿಕೊಂಡು ಅದೇ ಗಾಡಿಯಲ್ಲಿ ಮುಂಡರಗಿಗೆ ಹೋಗಿ ಬಂದ್ವಿ. ಅದೇ ಚಾದಂಗಡಿ ಮುಂದೆ ನಿಲ್ಲಿಸಿ ಕಾಕಾ ಎಂಜಿನ್ ಆಫ್ ಮಾಡಿದರು. ದಾರಿಯಲ್ಲಿ ಹೀಗೆ ಧೈರ್ಯವಾಗಿ ಆಫ್ ಮಾಡಿ ಎಷ್ಟೋ ತಿಂಗಳಾಗಿತ್ತು.

ನಿಮ್ಮ ಗಾಡಿಯ ಅಳತೆ ಎಷ್ಟು ಬಂತು, ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ, ಬರ್ತೀನ್ರೀ.