ಏಳು ಮಂದಿಯ ಆಟದಲ್ಲಿ ರಾಜನ ಬೆಲೆ



ಬಲಿಪಾಡ್ಯಮಿಗೆ ದ್ಯೂತ ಪ್ರತಿಪದೆ ಎಂಬ ಹೆಸರೂ ಉಂಟು. ಆ ದಿನ ಜೂಜಾಡುವುದು ಹಳೆಯ ರೂಢಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಪಡಸಾಲೆಗಳಲ್ಲೂ ದೀಪಾವಳಿಗೆ ಇಸ್ಪೀಟು ಎಲೆಗಳು ಹೊರಬರುವುದುಂಟು. ಕಾಕಾ, ಮಾವ, ಅಳಿಯ, ನೆರೆಯವರು ಸೇರಿ ಏಳು ಮಂದಿ ಚಾಪೆಯ ಮೇಲೆ ಕೂತರೆಂದುಕೊಳ್ಳೋಣ. ಆಟ ತೀನ್ ಪತ್ತಿ, ಪಣ ಹತ್ತು ರೂಪಾಯಿ. ಯಾರೂ ಎಲೆ ಕೆಳಗಿಡುವುದಿಲ್ಲ, ಯಾರೂ ಪಣ ಏರಿಸುವುದೂ ಇಲ್ಲ. "ಹತ್ತ ರೂಪಾಯಿ ಅಲ್ಲೇನೊ, ಹೋದ್ರ ಹೋಗ್ಲಿ" ಎಂದು ಎಲ್ಲರೂ ಕೊನೆಯವರೆಗೆ ನಿಲ್ಲುವವರೆ. ಇಂಥ ಸಡಿಲ ಆಟದಲ್ಲಿ ಯಾವ ಎಲೆ ಬಂದರೆ ನಿಲ್ಲಬೇಕು, ಯಾವುದಕ್ಕೆ ಬಿಡಬೇಕು?

ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟ, ಮೂರೆಲೆಯ ಆಟ ಬರೀ ಅದೃಷ್ಟದ್ದು ಎಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಕೈಗೆ ಬರುವ ಎಲೆ ಅದೃಷ್ಟದ್ದು ನಿಜ. ಆದರೆ ಆ ಎಲೆಯ ಮೇಲೆ ಹಣ ಹಾಕುವುದು, ಬಿಡುವುದು ಆಡುವವನ ಕೈಯಲ್ಲೇ ಇದೆ.

ಲೆಕ್ಕ ಸರಳ. 52 ಎಲೆಗಳಲ್ಲಿ ಮೂರನ್ನು 22,100 ಬಗೆಯಲ್ಲಿ ಹಂಚಬಹುದು. ಇದರಲ್ಲಿ ಮೂರೂ ಒಂದೇ ಅಂಕೆಯವು 52, ಒಂದೇ ಜಾತಿಯ ಸಾಲು 48, ಬೆರಕೆ ಸಾಲು 720, ಬರೀ ಒಂದೇ ಜಾತಿಯವು 1,096, ಜೋಡಿ 3,744. ಉಳಿದ 16,440 ಬಿಡಿ ಎಲೆಗಳು. ಅಂದರೆ ನೂರಕ್ಕೆ 74 ಸಲ ಕೈಯಲ್ಲಿ ಜೋಡಿಯೂ ಇರುವುದಿಲ್ಲ.

ಎದುರಿಗೆ ಒಬ್ಬನೇ ಇದ್ದರೆ ರಾಜ, ಜೊತೆಗೊಂದು ಹತ್ತು ಸಾಕು. ಅರ್ಧದಷ್ಟು ಸಲ ಗೆಲುವು. ನಾಲ್ವರ ಆಟದಲ್ಲಿ ಎಕ್ಕಾದ ಜೊತೆ ಹತ್ತಾದರೂ ಬೇಕು. ಏಳು ಮಂದಿ ಕಡೆಯವರೆಗೆ ನಿಂತರೆ? ಉಳಿದ ಆರು ಜನರಲ್ಲಿ ಯಾರಿಗೂ ಜೋಡಿ ಅಥವಾ ಅದಕ್ಕಿಂತ ಮೇಲಿನ ಎಲೆ ಬಾರದಿರುವುದು ನೂರಕ್ಕೆ ಸುಮಾರು 17 ಸಲ ಮಾತ್ರ. ಏಳು ಜನ ಸಮನಾಗಿ ಹಣ ಹಾಕಿದಾಗ ಏಳಕ್ಕೊಂದು ಸಲ, ಅಂದರೆ ನೂರಕ್ಕೆ 14 ಸಲ, ಗೆದ್ದರೆ ಹಾಕಿದ್ದು ಮರಳುತ್ತದೆ. ಎಕ್ಕಾ, ರಾಜ ಎರಡೂ ಇದ್ದರೂ ಹೆಚ್ಚುಕಡಿಮೆ ಸರಿಸಮ. ಲಾಭಕ್ಕೆ ಜೋಡಿಯೇ ಬೇಕು. ಬರೀ ರಾಜನನ್ನು ನಂಬಿ ನಿಂತವನು ಉಳಿದವರ ಹಬ್ಬ ನಡೆಸುತ್ತಾನೆ.

ಪೋಕರಿನಲ್ಲೂ ಇದೇ ಮಾತು. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಎರಡು ಎಕ್ಕಾ ಬಂದವನು ಒಬ್ಬನೆದುರು ನೂರಕ್ಕೆ 85 ಸಲ ಗೆಲ್ಲುತ್ತಾನೆ. ಒಂಬತ್ತು ಮಂದಿ ಕಡೆಯವರೆಗೆ ನಿಂತರೆ 31 ಸಲ. ಗೆಲುವು ವಿರಳವಾದರೂ ಹತ್ತು ಜನರ ಹಣ ಸಿಗುವುದರಿಂದ ಅದು ಲಾಭದ ಎಲೆಯೇ. ಅಲ್ಲಿ ಒಂಟಿ ಎಕ್ಕಾದ ಬೆಲೆ ಇಳಿದು, ಒಂದೇ ಜಾತಿಯ, ಸಾಲಾಗಿ ಕೂಡಬಲ್ಲ ಎಲೆಗಳ ಬೆಲೆ ಏರುತ್ತದೆ.

ಸಡಿಲ ಆಟದಲ್ಲಿ ಏನೂ ಇಲ್ಲದೆ ಪಣ ಏರಿಸಿ ಹೆದರಿಸುವ ವಿದ್ಯೆ ನಡೆಯದು. ಹೆದರಿ ಏಳುವವರಿದ್ದರಲ್ಲವೆ ಹೆದರಿಸುವುದು? ಒಳ್ಳೆಯ ಎಲೆ ಬಂದಾಗ ಮಾತ್ರ ಏರಿಸಬೇಕು. ಕೊಡಲು ಎಲ್ಲರೂ ಇರುತ್ತಾರೆ. ಸಂಜೆಯೆಲ್ಲ ಸುಮ್ಮನಿದ್ದ ಮಾವ ಒಮ್ಮೆಲೆ ಪಣ ಏರಿಸಿದರೆ ಅವರನ್ನು ನಂಬಿ ಎಲೆ ಕೆಳಗಿಡುವುದೇ ಜಾಣತನ.

ಹತ್ತು ರೂಪಾಯಿ ಸಣ್ಣದೆನಿಸಬಹುದು. ಒಂದು ಆಟಕ್ಕೆ ಮೂರು ಸಲ ಹಾಕಿದರೆ 30, ಇಪ್ಪತ್ತು ಆಟಕ್ಕೆ 600. ಕೂಲಿಯವನ ದಿನದ ದುಡಿಮೆ ಅಲ್ಲಿಗೆ ಮುಗಿಯಿತು. ಮನೆಯಲ್ಲಾದರೆ ಹಣ ಕಾಕಾನ ಜೇಬಿನಿಂದ ಅಳಿಯನ ಜೇಬಿಗೆ ಹೋಗುತ್ತದೆ. ಅಡ್ಡೆಯಲ್ಲಿ ಹಾಗಲ್ಲ. 70 ರೂಪಾಯಿಯಲ್ಲಿ ಅಡ್ಡೆಯವನು 5 ತೆಗೆದರೆ ಗೆದ್ದವನಿಗೆ 65. ಆ ಐದು ಯಾರಿಗೂ ಮರಳದು. ಸಾರ್ವಜನಿಕ ಸ್ಥಳದಲ್ಲಿ ಹಣ ಕಟ್ಟಿ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಅಪರಾಧ. ಮೊಬೈಲಿನಲ್ಲಿ ಹಣದಾಟ ನಡೆಸುವುದನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು.

ಲೆಕ್ಕದಂತೆ ಆಡುವವನು ನಾಲ್ಕರಲ್ಲಿ ಮೂರು ಸಲ ಎಲೆ ಕೆಳಗಿಟ್ಟು ಸುಮ್ಮನೆ ಕೂಡಬೇಕು. ಹಬ್ಬದ ರಾತ್ರಿ ಇದು ಯಾರಿಗೂ ಹಿಡಿಸದು. ಹಾಗಿದ್ದರೆ ಹುಣಸೆ ಬೀಜ ಕಟ್ಟಿ ಆಡೋಣ. ಆಗ ಎಲ್ಲರೂ ಕಡೆಯವರೆಗೆ ನಿಲ್ಲಬಹುದು. ಗೆದ್ದವರೇ ಮನೆಮಂದಿಗೆಲ್ಲ ಗೋಕಾಕದ ಕರದಂಟು ಹಂಚಲಿ.