ನೀರಿನ ಹೊತ್ತು ಎಣಿಸುವ ಪುಟ್ಟ ಚಿಪ್: ಲೆಕ್ಕ ತಪ್ಪದಿರಲಿ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ಮಾಡಿದ ಭಾಷಣದ ಲಿಖಿತ ರೂಪ)



ಹಳೆಯ ರೇಡಿಯೋ ಬಿಚ್ಚಿ ಜೋಡಿಸುವ ಹವ್ಯಾಸ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಈಗ ಆ ಹವ್ಯಾಸಕ್ಕೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ ಬಂದು ಸೇರಿದೆ. ಓದುವ ಮಕ್ಕಳು ಮೊದಲು ಇದರಿಂದ ಒಂದು ದೀಪವನ್ನು ಮಿನುಗಿಸುತ್ತಾರೆ. ಕ್ರಮೇಣ ಸಸಿ ಮಡಿಗೆ ಹೊತ್ತಿಗೆ ಸರಿಯಾಗಿ ನೀರು ಬಿಡುವ ಪೆಟ್ಟಿಗೆಯನ್ನೂ ಮಾಡಲು ತೊಡಗುತ್ತಾರೆ. ಇದು ಸ್ವಾಗತಾರ್ಹವಾದ ಸಂಗತಿ. ಆದರೆ ಮೇಜಿನ ಮೇಲೆ ತಪ್ಪಾದರೆ ದೀಪ ಉರಿಯುವುದಿಲ್ಲ, ಅಷ್ಟೆ. ಅದೇ ತಪ್ಪು ಹೊಲದಲ್ಲಾದರೆ ಸಸಿ ಹೋಗುತ್ತದೆ, ಮೋಟಾರು ಸುಡುತ್ತದೆ. ಆದ್ದರಿಂದ ಈ ಚಿಪ್ಪಿಗೆ ಹೊತ್ತಿನ ಲೆಕ್ಕವನ್ನು ಹೇಗೆ ಹೇಳಿಕೊಡಬೇಕೆಂಬುದನ್ನು ತಿಳಿಯುವುದು ಅಗತ್ಯ.

ಚಿಪ್ಪಿನ ಪರಿಚಯ

ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊತ್ತು ಎಣಿಸುವ ಭಾಗ, ಹೊರಗಿನ ತಂತಿಗಳಿಗೆ ಸೇರುವ ಕಾಲುಗಳು ಇವೆಲ್ಲವೂ ಒಂದೇ ಚಿಪ್ಪಿನಲ್ಲಿದ್ದರೆ ಅದೇ ಮೈಕ್ರೋಕಂಟ್ರೋಲರ್. ಇಂಟೆಲ್ ಸಂಸ್ಥೆಯ ಹೆಸರಾಂತ 8051 ಚಿಪ್ 1980ರಲ್ಲಿ ಬಂದಿತು. ಹವ್ಯಾಸಿಗಳಿಗೆ ಈ ವಿದ್ಯೆ ಸುಲಭವಾದದ್ದು ಆರ್ಡುಯಿನೊ ಎಂಬ ಹಲಗೆಯಿಂದ. ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ಇದನ್ನು ರೂಪಿಸಲಾಯಿತು. 2010ರಲ್ಲಿ ಬಂದ ಆರ್ಡುಯಿನೊ ಊನೊ ಹಲಗೆಯಲ್ಲಿ ಎಟಿಮೆಗಾ 328ಪಿ ಎಂಬ ಚಿಪ್ ಇದೆ. ಪ್ರೋಗ್ರಾಮಿಗೆ 32 ಕಿಲೋಬೈಟ್ ಜಾಗ, ಲೆಕ್ಕಕ್ಕೆ ಕೇವಲ 2 ಕಿಲೋಬೈಟ್ ಜಾಗ.

ಹಲಗೆಯನ್ನು ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರಿಗೆ ಸೇರಿಸಿ, ಉಚಿತವಾಗಿ ದೊರೆಯುವ ಆರ್ಡುಯಿನೊ ತಂತ್ರಾಂಶದಲ್ಲಿ ಆಜ್ಞೆಗಳನ್ನು ಬರೆದು ಚಿಪ್ಪಿಗೆ ತುಂಬಬೇಕು. ಪ್ರೋಗ್ರಾಮಿನಲ್ಲಿ ಎರಡು ಭಾಗಗಳಿವೆ. ಮೊದಲನೆಯ ಸೆಟಪ್ ಭಾಗ ಬಿತ್ತನೆಗೆ ಮುಂಚಿನ ಭೂಮಿ ಸಿದ್ಧತೆಯಂತೆ. ಕರೆಂಟು ಬಂದೊಡನೆ ಒಂದೇ ಸಲ ನಡೆಯುತ್ತದೆ. ಎರಡನೆಯ ಲೂಪ್ ಭಾಗ ದನಕರುಗಳ ದಿನನಿತ್ಯದ ಚಾಕರಿಯಂತೆ. ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ.

ಒಂದು ನಿಮಿಷ ಐವತ್ತು ದಿನವಾಗುವ ಬಗೆ

ಈ ಹಲಗೆಯ ಪ್ರೋಗ್ರಾಮಿನಲ್ಲಿ ಹೊತ್ತನ್ನು ಮಿಲಿಸೆಕೆಂಡುಗಳಲ್ಲಿ ಹೇಳಬೇಕು. ಒಂದು ಸೆಕೆಂಡಿಗೆ 1,000 ಮಿಲಿಸೆಕೆಂಡು. ಪಂಪು ಒಂದು ನಿಮಿಷ ನಡೆಯಬೇಕಾದರೆ "60 ಗುಣಿಸು 1000 ಕಾಯಿ" ಎಂದು ಬರೆಯುವುದು ಯಾರಿಗಾದರೂ ಸಹಜವಾಗಿ ತೋರುತ್ತದೆ. ಅಪಾಯ ಇರುವುದು ಅಲ್ಲಿಯೇ.

ಊನೊ ಹಲಗೆಯಲ್ಲಿ ಇಂತಹ ಸಾಧಾರಣ ಸಂಖ್ಯೆಗಳ ಲೆಕ್ಕ 32,767ನ್ನು ಮೀರುವಂತಿಲ್ಲ. ಸೇರಿನ ಪಾತ್ರೆಗೆ ಕೊಳಗದ ಕಾಳು ಸುರಿದರೆ ಹಿಡಿಯುವುದೇ? 60 ಮತ್ತು 1,000ದ ಗುಣಲಬ್ಧ 60,000. ಅದು ಹಿಡಿಸದೆ ಲೆಕ್ಕ ಹಿಂದಕ್ಕೆ ಉರುಳಿ ಋಣ 5,536 ಆಗುತ್ತದೆ. ಕಾಯುವ ಆಜ್ಞೆಗೆ ಋಣ ಸಂಖ್ಯೆ ಗೊತ್ತಿಲ್ಲ. ಅದು ಇದನ್ನು 4,29,49,61,760 ಮಿಲಿಸೆಕೆಂಡು ಎಂದು ಓದುತ್ತದೆ. ಎಂದರೆ ಸುಮಾರು 49.7 ದಿನ! ಒಂದು ನಿಮಿಷ ನಡೆಯಬೇಕಾದ ಪಂಪು ಯಾರಾದರೂ ಬಂದು ನಿಲ್ಲಿಸುವವರೆಗೆ ನಡೆಯುತ್ತದೆ. ಟೊಮ್ಯಾಟೊ ಸಸಿ ಮಡಿ ಒಂದು ರಾತ್ರಿ ಹೀಗೆ ನೆನೆದರೆ ಸಸಿ ಸಾಯುವ ರೋಗಕ್ಕೆ ಹಾದಿಯಾಗುತ್ತದೆ. ತೊಟ್ಟಿ ಬರಿದಾದ ಮೇಲೂ ತಿರುಗಿದ ಪಂಪಿನ ಗತಿಯನ್ನು ಹೇಳಬೇಕಾಗಿಲ್ಲ.

ಇನ್ನೊಂದು ಉದಾಹರಣೆ. 10 ನಿಮಿಷಕ್ಕೆಂದು "10 ಗುಣಿಸು 60 ಗುಣಿಸು 1000" ಎಂದು ಬರೆದರೆ ದೊರೆಯುವ ಉತ್ತರ 10,176. ಎಂದರೆ ಹತ್ತೇ ಸೆಕೆಂಡು. ಪಂಪು ಹತ್ತಿತು, ನಿಂತಿತು. ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಗಿಡ ಮಾತ್ರ ಬಾಡುತ್ತದೆ.

ಪರಿಹಾರ ಸುಲಭ. ಗುಣಾಕಾರದ ಮೊದಲ ಸಂಖ್ಯೆಗೆ ಅಂಟಿಕೊಂಡಂತೆ ಇಂಗ್ಲಿಷಿನ ಯು ಮತ್ತು ಎಲ್ ಅಕ್ಷರಗಳನ್ನು ಬರೆಯಬೇಕು. ಆಗ ಚಿಪ್ ದೊಡ್ಡ ಪಾತ್ರೆಯಲ್ಲಿ ಲೆಕ್ಕ ಮಾಡುತ್ತದೆ. ಗುಣಿಸದೆ 60000 ಎಂದು ಒಟ್ಟಾಗಿಯೇ ಬರೆದರೂ ಈ ದೋಷ ಬಾರದು.

ಐವತ್ತನೆಯ ದಿನದ ತಪ್ಪು

ದೊಡ್ಡ ಪಾತ್ರೆಗೂ ಮಿತಿಯಿದೆ. ಕರೆಂಟು ಬಂದಾಗಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತೆಂಬ ಎಣಿಕೆಯನ್ನು ಚಿಪ್ ಇಟ್ಟಿರುತ್ತದೆ. ಮೋಟಾರು ಸೈಕಲ್ಲಿನ ಕಿಲೋಮೀಟರ್ ಮೀಟರು 99,999 ದಾಟಿ ಸೊನ್ನೆಗೆ ಬರುವಂತೆ, ಈ ಎಣಿಕೆಯೂ 49.7 ದಿನಗಳಾದ ಮೇಲೆ ಸೊನ್ನೆಗೆ ಮರಳುತ್ತದೆ. "ಎಣಿಕೆ ಇಂತಿಷ್ಟು ಮುಟ್ಟಿದಾಗ ಪಂಪು ನಿಲ್ಲಿಸು" ಎಂದು ಬರೆದಿದ್ದರೆ ಆ ಹೊತ್ತಿನಲ್ಲಿ ಲೆಕ್ಕ ತಪ್ಪುತ್ತದೆ. ಒಂದು ವಾರದ ಪರೀಕ್ಷೆಯಲ್ಲಿ ಈ ದೋಷ ಕಾಣುವುದಿಲ್ಲ. ಗಿಡದಲ್ಲಿ ಕಾಯಿ ತುಂಬಿರುವಾಗ ಕಾಣುತ್ತದೆ.

ಸರಿಯಾದ ವಿಧಾನವೆಂದರೆ ಕಳೆಯುವ ಲೆಕ್ಕ. ಈಗಿನ ಎಣಿಕೆಯಲ್ಲಿ ಪಂಪು ಹತ್ತಿದಾಗಿನ ಎಣಿಕೆಯನ್ನು ಕಳೆಯಬೇಕು. ಉಳಿದದ್ದು ನಿಗದಿಯಾದ ಅವಧಿಯನ್ನು ಮುಟ್ಟಿದರೆ ನಿಲ್ಲಿಸಬೇಕು. ಎರಡೂ ಎಣಿಕೆಗಳನ್ನು ದೊಡ್ಡ ಪಾತ್ರೆಯಲ್ಲಿಯೇ ಇಟ್ಟರೆ, ಎಣಿಕೆ ಸೊನ್ನೆಗೆ ಮರಳಿದಾಗಲೂ ಈ ಉತ್ತರ ತಪ್ಪುವುದಿಲ್ಲ. ಇದರಿಂದ ಮತ್ತೊಂದು ಲಾಭವಿದೆ. "ಕಾಯಿ" ಎಂಬ ಆಜ್ಞೆ ನಡೆಯುವಾಗ ಪ್ರೋಗ್ರಾಮು ಅಲ್ಲಿಯೇ ನಿಂತುಬಿಡುತ್ತದೆ. ಕಳೆಯುವ ಲೆಕ್ಕದಲ್ಲಾದರೆ ತೊಟ್ಟಿಯಲ್ಲಿ ನೀರಿದೆಯೇ ಎಂದು ನಡುನಡುವೆ ನೋಡಲು ಚಿಪ್ಪಿಗೆ ಬಿಡುವಿರುತ್ತದೆ.

ಪಂಪಿಗೆ ಸೇರಿಸುವ ಮುನ್ನ

1. ಮೊದಲು ಪಂಪಿನ ಬದಲು ಒಂದು ಎಲ್.ಇ.ಡಿ. ದೀಪವನ್ನು ರೆಸಿಸ್ಟರ್ ಸಮೇತ ಜೋಡಿಸಿ, ಕೈಗಡಿಯಾರ ಹಿಡಿದು ಪೂರ್ತಿ ಅವಧಿಯನ್ನು ನೋಡಬೇಕು. ಬೇಸರವೆಂದು ಹತ್ತು ನಿಮಿಷವನ್ನು ಹತ್ತು ಸೆಕೆಂಡು ಮಾಡಿ ಪರೀಕ್ಷಿಸಿದರೆ ಮೇಲೆ ಹೇಳಿದ ದೋಷ ತಪ್ಪಿಸಿಕೊಳ್ಳುತ್ತದೆ.

2. ಚಿಪ್ಪಿನ ಒಂದು ಕಾಲಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ವಿದ್ಯುತ್ ಎಳೆಯಬಾರದು. ಚಿಪ್ ರಿಲೇ ಹಲಗೆಯನ್ನು, ರಿಲೇಯು ಸ್ಟಾರ್ಟರಿನ ಕಾಂಟ್ಯಾಕ್ಟರನ್ನು ನಡೆಸಬೇಕು. ಸ್ಟಾರ್ಟರಿನ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕದ್ದು.

3. ಕರೆಂಟು ಹೋಗಿ ಬಂದಾಗ ಪ್ರೋಗ್ರಾಮು ಮೊದಲಿನಿಂದ ಆರಂಭವಾಗುತ್ತದೆ. ಆದ್ದರಿಂದ ಸೆಟಪ್ ಭಾಗದ ಮೊದಲ ಕೆಲಸ ಪಂಪನ್ನು ನಿಲ್ಲಿಸುವುದೇ ಆಗಿರಬೇಕು. ಕೆಲವು ರಿಲೇ ಹಲಗೆಗಳು ಚಿಪ್ಪಿನ ಕಾಲು ಸೊನ್ನೆ ವೋಲ್ಟಿಗೆ ಇಳಿದಾಗ ಹತ್ತುತ್ತವೆ. ತಂದ ಹಲಗೆ ಯಾವ ಬಗೆಯದೆಂದು ಮೊದಲೇ ನೋಡಿಕೊಳ್ಳಬೇಕು.

4. ಸ್ಟಾರ್ಟರಿನ ಓವರ್‌ಲೋಡ್ ರಿಲೇ, ಪಂಪು ಒಣಗಿ ಓಡದಂತೆ ತಡೆಯುವ ಸಾಧನ, ಕೈಯಿಂದ ನಿಲ್ಲಿಸುವ ಗುಂಡಿ ಇವು ಯಾವುದನ್ನೂ ತೆಗೆಯಬಾರದು. ಚಿಪ್ ಇವುಗಳಿಗೆ ಬದಲಿಯಲ್ಲ.

5. ಪ್ರೋಗ್ರಾಮಿನಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಬೇಕು.

ರೈತ ಬಾಂಧವರೇ, ಚಿಪ್ ಹೇಳಿದ್ದನ್ನು ಹೇಳಿದಂತೆ ಮಾಡುವ ಆಳು. ಹೇಳಿದ್ದು ತಪ್ಪೆಂದು ಅದಕ್ಕೆ ತಿಳಿಯದು. ಹೊತ್ತು ಮಾತ್ರ ನೋಡುವ ಪೆಟ್ಟಿಗೆ ಮಳೆ ಸುರಿದ ದಿನವೂ ನೀರು ಬಿಡುತ್ತದೆ. ಮಡಿಯ ಮಣ್ಣನ್ನು ಕೈಯಲ್ಲಿ ಹಿಡಿದು ಹದ ನೋಡುವ ಕೆಲಸ ರೈತರದೇ. ಮನೆಯ ಮಕ್ಕಳು ಇಂತಹ ಪೆಟ್ಟಿಗೆ ಮಾಡಿ ತಂದರೆ ಹಿರಿಯರು ಬೇಡವೆನ್ನದಿರಲಿ. ಅವರೊಡನೆ ಕುಳಿತು, ಗಡಿಯಾರ ಹಿಡಿದು, ಒಂದು ಅವಧಿಯನ್ನು ಪೂರ್ತಿಯಾಗಿ ನೋಡಿ, ಆಮೇಲೆ ಪಂಪನ್ನು ಅದರ ವಶಕ್ಕೆ ಕೊಡಲಿ.